ಒಬ್ಬನೇ ಸಂತಾನ

೧೫ ಜನವರಿ ೨೦೧೩, ಲಫ್‌ಬರೋ

ಇಪ್ಪತ್ತೈದು ವರ್ಷದಿಂದ ಇಂಗ್ಲೆಂಡಿನ ಈ ಊರಿನ ಮುದುಕರಿಗೆಲ್ಲ ಹಿಮ ಬಿದ್ದ ದಿನ ಮನೆ ಬಿಟ್ಟು ಹೊರಡಬೇಡಿ ಎಂದು ಉಪದೇಶ ಮಾಡುತ್ತ ಬಂದ ಜಿಪಿ ನಾನು, ಡಾಕ್ಟರ್ ಉಮೇಶ. ನಿನ್ನೆ ಬೆಳಿಗ್ಗೆ ನನ್ನದೇ ಸರ್ಜರಿಯ (ಇಲ್ಲಿ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ) ಕಾರ್ ಪಾರ್ಕಿನಲ್ಲಿ, ನನ್ನದೇ ಮೂವರು ಪೇಷಂಟುಗಳ ಎದುರಿಗೆ, ಜಾರಿ ಬಿದ್ದು ಕಣಕಾಲು ಮುರಿದುಕೊಂಡೆ. ಮೂವರಲ್ಲಿ ಒಬ್ಬಳು ಎಂಬತ್ತೆಂಟರ ಅಜ್ಜಿ. ಅವಳೇ ನನ್ನನ್ನು ಎಬ್ಬಿಸಿ ಕೂರಿಸಿದ್ದು. ಪ್ಲಾಸ್ಟರು ಆರು ವಾರ.

ಈ ಡೈರಿ ಕ್ರಿಸ್‌ಮಸ್ಸಿಗೆ ರಿಸೆಪ್ಷನ್ನಿನವರು ಕೊಟ್ಟದ್ದು. ಕನ್ನಡದಲ್ಲಿ ಬರೆಯುತ್ತೇನೆ. ಈ ಮನೆಯಲ್ಲಿ ಕನ್ನಡ ಓದಬಲ್ಲ ಇನ್ನೊಂದು ಜೀವ ನನ್ನ ಹೆಂಡತಿ ರಜನಿ. ನಾಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ದಿನವಿಡೀ ಜನರಿಗೆ ಅರಿವಳಿಕೆ ಕೊಟ್ಟು ಬರುವ ಅವಳಿಗೆ ಗಂಡ ಏನು ಗೀಚಿದ ಎಂದು ನೋಡುವಷ್ಟು ಎಚ್ಚರ ಉಳಿದಿರುವುದಿಲ್ಲ. ಮಗಳು ಪೂಜಿತಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅಕ್ಷರ ಮಾತ್ರ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಯಾರನ್ನು ಬೇಕಾದರೂ ಧಾರಾಳವಾಗಿ ಬೈಯಬಹುದು.

೨೦ ಜನವರಿ

ಬೈಯಲು ಮೊದಲ ಗಿರಾಕಿ ಸಿಕ್ಕಿದಳು. ಹಿಲರಿ, ಪೂಜಿತಾ ಮದುವೆಯಾಗಲಿರುವ ಡ್ಯಾನಿಯಲ್‌ನ ತಾಯಿ, ನಿವೃತ್ತ ಲೈಬ್ರೇರಿಯನ್. ಜೂನ್ ಇಪ್ಪತ್ತೊಂಬತ್ತಕ್ಕೆ ನನ್ನ ಬೀಗಿತ್ತಿ. ಕಾಲು ನೋಡಲು ಬಂದೆ ಎಂದಳು, ಆದರೆ ಕಂಕುಳಲ್ಲಿ ಮೂರು ಫೈಲುಗಳಿದ್ದವು. ಕಾಲು ಮುರಿದವನು ಎದ್ದು ಓಡಲಾರ ಎಂದು ಲೆಕ್ಕ ಹಾಕಿಯೇ ಬಂದಿರಬೇಕು.

ಫೈಲುಗಳಲ್ಲಿ ಅವಳ ವಂಶವಿತ್ತು. ೧೮೫೧ರ ಜನಗಣತಿಯ ಹಾಳೆಯೊಂದನ್ನು ನನ್ನ ಪ್ಲಾಸ್ಟರಿನ ಮೇಲೆಯೇ ಹರಡಿದಳು. ಜೋಸೆಫ್ ಆರ್ಮ್‌ಸನ್, ವಯಸ್ಸು ನಲವತ್ತನಾಲ್ಕು, ಅರವತ್ತೆರಡು ಎಕರೆಯ ರೈತ, ಆಳುಗಳು ಇಬ್ಬರು. ಹೆಂಡತಿ ಮೇರಿ. ಮಗಳು ಎಲೈಜಾ, ಹನ್ನೊಂದು ವರ್ಷ, ಶಾಲೆಗೆ ಹೋಗುತ್ತಾಳೆ. ಮನೆಗೆಲಸದ ಹುಡುಗಿ ಯಾವ ಹಳ್ಳಿಯಲ್ಲಿ ಹುಟ್ಟಿದಳು ಎಂಬುದೂ ಇದೆ. ಹಸುಗಳ ಹೆಸರು ಮಾತ್ರ ಬಿಟ್ಟುಹೋಗಿದೆ, ಪಾಪ.

ಮದುವೆಯ ಹಾಲಿನ ಬಾಗಿಲಲ್ಲಿ ಆರಡಿಯ ಕ್ಯಾನ್ವಾಸ್ ತೂಗುಹಾಕುತ್ತಾಳಂತೆ. ಎಡಕ್ಕೆ ಅವರ ವಂಶವೃಕ್ಷ, ಬಲಕ್ಕೆ ನಮ್ಮದು. ನಿಮಗೆ ಎಷ್ಟು ಸಿಕ್ಕಿದರೆ ಅಷ್ಟೇ ಸಾಕು ಉಮೇಶ್, ಎಂದಳು. ಆ 'ಅಷ್ಟೇ ಸಾಕು' ನನಗೆ ಸರಿಬರಲಿಲ್ಲ. ನಾವೇನು ಮೊನ್ನೆ ಹೀಥ್ರೋ ಏರ್‌ಪೋರ್ಟಿನಲ್ಲಿ ಉದ್ಭವಿಸಿದವರೇ? ನನ್ನ ಮುತ್ತಾತನ ತಂದೆ ಸಿದ್ದರಾಮಪ್ಪ ಚಿತ್ರದುರ್ಗದ ಸೀಮೆಯಲ್ಲಿ ದೊಡ್ಡ ಬೇಸಾಯಗಾರ, ಕಡಿಮೆಯೆಂದರೆ ಎಂಬತ್ತು ಎಕರೆ, ಎಂದುಬಿಟ್ಟೆ. ಎಂಬತ್ತು ಎಲ್ಲಿಂದ ಬಂತೋ ನನಗೂ ತಿಳಿಯದು. ಅರವತ್ತೆರಡಕ್ಕಿಂತ ಹೆಚ್ಚಿನ ಸಂಖ್ಯೆ ಬೇಕಿತ್ತು.

"ಡ್ಯಾಡ್, ಇಟ್ಸ್ ನಾಟ್ ಎ ಕಾಂಪಿಟಿಶನ್," ಎಂದಳು ಪೂಜಿತಾ. ಅವಳು ಹೇಳುವುದು ಸರಿ. ಸ್ಪರ್ಧೆಯಲ್ಲಿ ಇಬ್ಬರಿಗೂ ಒಂದೊಂದು ಹಾಳೆಯಾದರೂ ಇರಬೇಕಲ್ಲ.

೨೫ ಜನವರಿ

ಐದು ದಿನದ ಸಂಶೋಧನೆಯ ಫಲ: ನಮ್ಮ ದೇಶದಲ್ಲಿ ಜನಗಣತಿ ಮಾಡಿದವರು ಇವರೇ, ಇದೇ ಬ್ರಿಟಿಷರು. ಅಲ್ಲೂ ಮನೆಮನೆಗೆ ಹೋಗಿ ಹೆಸರು ಕೇಳಿದರು, ಬರೆದುಕೊಂಡರು. ಆಮೇಲೆ ತಲೆಗಳನ್ನು ಕೂಡಿಸಿ ಮೊತ್ತ ಇಟ್ಟುಕೊಂಡು ಹೆಸರಿನ ಚೀಟಿಗಳನ್ನು ಎಸೆದರು. ಜೋಸೆಫ್‌ನ ಮನೆಗೆಲಸದವಳಿಗೆ ಒಂದು ಸಾಲು, ಸಿದ್ದರಾಮಪ್ಪನಿಗೆ ತಾಲೂಕಿನ ಒಟ್ಟು ಗಂಡಸರ ಸಂಖ್ಯೆಯಲ್ಲಿ ಒಂದು ಪಾಲು. ಹಳೆಯ ವರದಿಯೊಂದರಲ್ಲಿ ತಾಲೂಕಿನ ನೇಗಿಲುಗಳ ಲೆಕ್ಕ ಸಿಕ್ಕಿತು, ಎತ್ತುಗಳದೂ ಸಿಕ್ಕಿತು. ನಮ್ಮವರು ಯಾರು ಎಂಬುದಕ್ಕಿಂತ ಏನು ಉಳುತ್ತಾರೆ ಎಂಬುದರಲ್ಲಿ ಸರ್ಕಾರಕ್ಕೆ ಅಕ್ಕರೆ ಹೆಚ್ಚು.

ಇದನ್ನು ಹಿಲರಿಗೆ ಫೋನಿನಲ್ಲಿ ವಿವರಿಸಿದೆ, ಎಲ್ಲವನ್ನೂ ಅವಳೇ ಖುದ್ದಾಗಿ ಎಸೆದವಳೆಂಬಂತೆ. ಪಾಪದ ಹೆಂಗಸು ಕ್ಷಮೆ ಕೇಳಿದಳು. ಮನುಷ್ಯರ ಹೆಸರನ್ನು ದಾಖಲೆಯಿಂದ ಅಳಿಸುವುದೆಂದರೆ ಅವರನ್ನು ಇನ್ನೊಮ್ಮೆ ಸಾಯಿಸಿದಂತೆ ಎಂದು ನಾನೊಂದು ಭಾಷಣ ಬಿಗಿದೆ. ಚೆನ್ನಾಗಿಯೇ ಬಂತು. ಮದುವೆಯ ದಿನದ ಭಾಷಣಕ್ಕೂ ಇಟ್ಟುಕೊಳ್ಳಬಹುದು.

೨ ಫೆಬ್ರುವರಿ

ಊರಿಗೆ ಫೋನು ಮಾಡಿದೆ. ಅಲ್ಲಿ ನನಗೆ ಉಳಿದಿರುವ ಏಕೈಕ ಏಜೆಂಟು ಚಿಕ್ಕಪ್ಪನ ಮಗ ಹರಿಶ್ಚಂದ್ರ. ಪೂಜಿತಾಳ ಮದುವೆ ಗೊತ್ತಾದ ಸುದ್ದಿಯನ್ನು ದೀಪಾವಳಿಗೇ ಅವನಿಗೆ ಹೇಳಿದ್ದೆ. ತಾಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಜನರಿಗೆ ಅಫಿಡವಿಟ್ಟು ಮಾಡಿಸಿಕೊಡುವುದು ಅವನ ಕಸುಬು. ಹೆಸರಿಟ್ಟವರಿಗೆ ಮುಂದಾಗುವುದು ಹೇಗೆ ಗೊತ್ತಾಗಬೇಕು. ವಿಷಯ ಕೇಳಿದವನೇ, "ಎಷ್ಟು ಎಕ್ರೆ ಬೇಕು ಹೇಳಣ್ಣ, ಹಳೇ ಕಾಗ್ದದ ಥರಾನೇ ಮಾಡಿಸ್ಕೊಡ್ತೀನಿ," ಎಂದ. ನಾನು ಸತ್ಯವಾದ ದಾಖಲೆ ಬೇಕು ಎಂದೆ. ಅವನಿಗೆ ಸ್ವಲ್ಪ ಬೇಸರವಾಯಿತು.

ಕೊನೆಗೆ, ಹಳೇದೆಲ್ಲ ನಿಮ್ಮಕ್ಕನಿಗೆ ಗೊತ್ತಿರುತ್ತದೆ, ಅವರನ್ನೇ ಕೇಳಿ ಎಂದ. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಇಟ್ಟೆ.

ಅಕ್ಕ, ಅಂದರೆ ಸರ್ವಮಂಗಳ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹಿರಿಯೂರಿನಲ್ಲಿದ್ದಾಳೆ. ನಾವು ಮಾತಾಡಿ ಎಂಟು ವರ್ಷವಾಯಿತು. ಅಪ್ಪ ತೀರಿಕೊಂಡ ಮೇಲೆ ಯಾವುದೋ ಕಾಗದದ ವಿಷಯಕ್ಕೆ ಮುನಿಸಿಕೊಂಡಳು. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆಯೂ ಮುನಿಸೂ ಆನುವಂಶಿಕ. ಮೊದಲನೆಯದಕ್ಕೆ ಮಾತ್ರೆ ಬರೆದುಕೊಡಬಲ್ಲೆ.

೧೦ ಫೆಬ್ರುವರಿ

ಸ್ನಾನಕ್ಕೆ ಪ್ಲಾಸ್ಟರಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಂಟಿಕಾಲಲ್ಲಿ ನಿಂತಿದ್ದಾಗ ಹೆಳವನ ನೆನಪಾಯಿತು. ಜ್ಞಾನೋದಯಕ್ಕೆ ಭಂಗಿಯಂತೂ ಸರಿಯಾಗಿತ್ತು.

ನನಗಾಗ ಏಳೆಂಟು ವರ್ಷವಿರಬೇಕು. ಸುಗ್ಗಿ ಮುಗಿದ ಮೇಲೆ ಒಬ್ಬ ಹೆಳವ ಎತ್ತು ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತು, ನಮ್ಮ ಮನೆತನದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಉಸಿರು ತೆಗೆದುಕೊಳ್ಳದೆ ಹೇಳಲು ಶುರುಮಾಡಿದ. ಒಕ್ಕಲು ಮನೆಗಳ ವಂಶಾವಳಿ ಇಟ್ಟುಕೊಂಡು ಕೆಲವು ವರ್ಷಕ್ಕೊಮ್ಮೆ ಬಂದು ಓದುವುದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುವುದು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಪದ್ಧತಿ. ಅಪ್ಪ ಗುರುಸಿದ್ದಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು, ವಿಚಾರವಂತರು. ಮೈಗಟ್ಟಿ ಇರುವವನು ಭಿಕ್ಷೆ ಬೇಡಬಾರದು ಎಂದು ಅವನನ್ನು ಅರ್ಧಕ್ಕೇ ಹೊರಡಿಸಿದರು. ಅಕ್ಕ ಹಿತ್ತಲ ಬಾಗಿಲಿನಿಂದ ಒಂದು ಮೊರ ಜೋಳ ತೆಗೆದುಕೊಂಡು ಅವನ ಹಿಂದೆ ಓಡಿದಳು. ನಾನು ಅಪ್ಪನ ಪಕ್ಕ ನಿಂತಿದ್ದೆ.

ಹಿಲರಿಗೆ ಹೇಳಿದೆ. ಅಂದರೆ ನಿಮ್ಮ ಮನೆಗೆ ರೆಕಾರ್ಡ್ ಆಫೀಸೇ ನಡೆದುಕೊಂಡು ಬರುತ್ತಿತ್ತು, ನಿಮ್ಮ ತಂದೆ ಅದನ್ನು ವಾಪಸು ಕಳಿಸಿದರು, ಎಂದಳು. ಲೈಬ್ರೇರಿಯನ್ನರು ಜೋರಾಗಿ ಬೈಯುವುದಿಲ್ಲ. ಹೆಳವರನ್ನು ಹುಡುಕು ಎಂದು ಹರಿಶ್ಚಂದ್ರನಿಗೆ ಮೆಸೇಜು ಮಾಡಿದ್ದೇನೆ.

೧೭ ಫೆಬ್ರುವರಿ

ಕ್ಯಾನ್ವಾಸಿನ ಕರಡು ಬಂತು. ನಮ್ಮ ಕಡೆಯ ಖಾಲಿ ಚೌಕಗಳನ್ನು ನಾನೇ ತುಂಬಿದೆ. ಗುರುಸಿದ್ದಪ್ಪ, ಅವರ ಕೆಳಗೆ ಉಮೇಶ, ಪಕ್ಕದಲ್ಲಿ ರಜನಿ, ಕೆಳಗೆ ಪೂಜಿತಾ.

"ವೇರ್ಸ್ ಅತ್ತೆ?" ಎಂದಳು ಪೂಜಿತಾ, ಭುಜದ ಮೇಲಿಂದ ಬಗ್ಗಿ.

ಜಾಗ ಸಾಲುವುದಿಲ್ಲ ಎಂದೆ. ಆರಡಿ ಕ್ಯಾನ್ವಾಸು. ಅವಳು ಕ್ಯಾನ್ವಾಸನ್ನೂ ನನ್ನನ್ನೂ ನೋಡಿ ಟೀ ಮಾಡಲು ಹೋದಳು. ಈ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ವಾದ ಮಾಡುವುದು ಬರುವುದಿಲ್ಲ, ಕೆಟಲ್ ಹಾಕುತ್ತಾರೆ.

೨೩ ಫೆಬ್ರುವರಿ

ರಜನಿ ಲಾಫ್ಟಿನಿಂದ ಅಪ್ಪನ ಕಾಗದಗಳ ಸೂಟ್‌ಕೇಸು ಇಳಿಸಿಕೊಟ್ಟಳು. ಪಹಣಿ ಸಿಕ್ಕಿತು. ಇನ್ನೊಂದು ಕಾಗದವೂ ಸಿಕ್ಕಿತು.

ಇವತ್ತು ಬರೆಯುವಂಥದ್ದೇನೂ ಇಲ್ಲ.

೨೪ ಫೆಬ್ರುವರಿ

ಇದೆ. ಬರೆದುಬಿಡುತ್ತೇನೆ.

೨೦೦೫ರ ಜನವರಿ. ಅಪ್ಪನ ತಿಥಿ ಮುಗಿಸಿ ಜಮೀನಿನ ಖಾತೆ ಬದಲಾಯಿಸಬೇಕಿತ್ತು. ಮೂರು ಎಕರೆ, ಅದರಲ್ಲಿ ಒಂದು ಬರೀ ಕಲ್ಲು. ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷಕ್ಕೆ ಅಫಿಡವಿಟ್ಟು ಬೇಕು. ನನಗಿದ್ದದ್ದು ಹದಿನಾಲ್ಕು ದಿನದ ರಜ, ಸರ್ಜರಿಯ ರೋಟಾ, ಡಾಕ್ಟರುಗಳ ಪಾಳಿಯ ಪಟ್ಟಿ, ಆಗಲೇ ಬಿಗಿಯಾಗಿತ್ತು. ಅಕ್ಕನ ಹೆಸರು ಹಾಕಿದರೆ ಅವಳನ್ನು ಹಿರಿಯೂರಿನಿಂದ ಎರಡು ಸಲ ಕರೆಸಬೇಕು, ಬಿಡುಗಡೆ ಪತ್ರ ಮಾಡಿಸಬೇಕು, ಇನ್ನೊಂದು ವಾರ ಹಿಡಿಯುತ್ತದೆ ಎಂದ ಹರಿಶ್ಚಂದ್ರ. ಹೇಗೂ ಅವರು ಪಾಲು ಕೇಳುವವರಲ್ಲ, ಹೆಸರನ್ನೇ ಬಿಟ್ಟುಬಿಡೋಣ, ಎಲ್ಲರೂ ಹಾಗೇ ಮಾಡುವುದು ಎಂದ. ನಾನು ಹೂಂ ಎಂದೆ. ಬೇವಿನ ಮರದ ಕೆಳಗೆ ನಿಂತುಕೊಂಡೇ ಸಹಿ ಹಾಕಿದೆ.

ನನ್ನ ಮುಂದಿರುವ ಕಾಗದ ಅದರ ನಕಲು. 'ನನ್ನ ತಂದೆ ದಿವಂಗತ ಗುರುಸಿದ್ದಪ್ಪನವರಿಗೆ ನಾನೊಬ್ಬನೇ ಸಂತಾನವೆಂದು ಸತ್ಯಪ್ರಮಾಣ ಮಾಡುತ್ತೇನೆ.' ಕೆಳಗೆ ನನ್ನ ಸಹಿ. ಡಾಕ್ಟರನ ಸಹಿಯಾದರೂ ಓದಲು ಬರುತ್ತದೆ.

ಅದೇ ಸೂಟ್‌ಕೇಸಿನಲ್ಲಿ ನನ್ನ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಅರ್ಜಿಯೂ ಇದೆ. ಅಮ್ಮ ತೀರಿಕೊಂಡ ವರ್ಷ. ಅಪ್ಪ ಆಗ ಮೂರು ತಿಂಗಳು ಮನೆಯಿಂದ ಹೊರಗೇ ಬಂದಿರಲಿಲ್ಲ. ಪೋಷಕರ ಸಹಿ ಎಂಬಲ್ಲಿ ದುಂಡಗೆ 'ಸರ್ವಮಂಗಳ' ಎಂದಿದೆ. ಸಂಬಂಧ ಎಂಬಲ್ಲಿ 'ಅಕ್ಕ'.

೧೮೫೧ರಲ್ಲಿ ಯಾವನೋ ಗುಮಾಸ್ತ ಕೆಸರಿನಲ್ಲಿ ನಡೆದು ಬಂದು ಹನ್ನೊಂದು ವರ್ಷದ ಎಲೈಜಾಳ ಹೆಸರು ಬರೆದುಕೊಂಡು ಹೋದ. ನನಗೆ ಒಂದು ವಾರದ ರಜ ಉಳಿಯಿತು. ಆ ವಾರದಲ್ಲಿ ಏನು ಮಾಡಿದೆ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ, ನೆನಪಾಗುತ್ತಿಲ್ಲ. ನಾಚಿಕೆಯಾಗುತ್ತಿದೆ. ಕಾಲು ನೋಯುತ್ತಿದೆ ಎಂದು ರಜನಿಗೆ ಹೇಳಿದೆ.

೩ ಮಾರ್ಚ್

ಪ್ಲಾಸ್ಟರು ಬಿಚ್ಚಿದರು. ಒಳಗಿನ ಕಾಲು ಬೇರೆ ಯಾರದೋ ಅನ್ನಿಸುವಷ್ಟು ಸಣ್ಣಗಾಗಿದೆ.

ಹೆಳವ ಸಿಕ್ಕಿದ. ಹೆಸರು ಚಂದ್ರಪ್ಪ, ಗೋಕಾಕದ ಕಡೆಯವನು, ಅಂದು ಅಪ್ಪ ಓಡಿಸಿದವನ ಮಗ. ಈಗ ಎತ್ತಿನ ಜೊತೆ ಮೊಬೈಲೂ ಇದೆ. ಹಿಲರಿಯನ್ನೂ ಕರೆದು ಕೂರಿಸಿಕೊಂಡಿದ್ದೆ, ಎಂಬತ್ತು ಎಕರೆ ಅವಳ ಕಿವಿಯ ಮೇಲೂ ಬೀಳಲಿ ಎಂದು. ಸ್ಪೀಕರ್ ಹಾಕಿದೆ. ಪೂಜಿತಾ ಅವಳಿಗೆ ಅನುವಾದ ಮಾಡುತ್ತ ಹೋದಳು.

ಚಂದ್ರಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಎಂಟು ತಲೆ ದಾಟಿ ಸಿದ್ದರಾಮಪ್ಪನ ಹತ್ತಿರ ಬಂದ. ನಾನು ತಡೆದು, ಜಮೀನೆಷ್ಟು ಎಂದು ಕೇಳಿದೆ.

"ಸ್ವಂತದ್ದು ಇಲ್ರೀ. ಕೋರಿಗೆ ಮಾಡ್ತಿದ್ದ, ಗೌಡ್ರ ಹೊಲ, ಬೆಳ್ಯಾಗ ಅರ್ಧ ಅವ್ರಿಗೆ. ಎತ್ತು ಒಂದು ತನ್ನದು, ಇನ್ನೊಂದು ಬಾಜೂ ಮನಿಯವ್ರದ್ದು."

ಪೂಜಿತಾ ಅದನ್ನು ಬೇಕೆಂದೇ ನಿಧಾನವಾಗಿ ಅನುವಾದಿಸಿದಳು. ಹಿಲರಿ ನಗಲಿಲ್ಲ. ಜೋಸೆಫ್‌ನ ಅರವತ್ತೆರಡು ಎಕರೆಯೂ ಯಾವನೋ ಲಾರ್ಡಿನದು, ಅವನು ಬರೀ ಗೇಣಿದಾರ, ಅದನ್ನು ನಾನು ನಿಮಗೆ ಹೇಳಿರಲಿಲ್ಲ ಎಂದಳು. ಒಂದೂವರೆ ತಿಂಗಳಲ್ಲಿ ಮೊದಲ ಸಲ ಅವಳು ನನಗೆ ಇಷ್ಟವಾದಳು.

ಚಂದ್ರಪ್ಪ ಮುಂದುವರಿಸಿದ. ಸಿದ್ದರಾಮಪ್ಪನ ಮಕ್ಕಳು, ಮೊಮ್ಮಕ್ಕಳು, ಗುರುಸಿದ್ದಪ್ಪ. "ಗುರುಸಿದ್ದಪ್ಪಗ ಎರಡು ಮಕ್ಕಳು. ಹಿರೇ ಮಗಳು ಸರ್ವಮಂಗಳ, ಕಿರೇ ಮಗ ಉಮೇಶ, ಡಾಕ್ಟ್ರು, ಹೆಂಡ್ತಿ ರಜನಿ, ಇಂಗ್ಲಂಡ್ ದೇಶ, ಲಫ್‌ಬರೋ ಊರು. ಅವ್ರಿಗೆ ಒಬ್ಬಾಕಿ ಮಗಳು ಪೂಜಿತಾ, ಹುಟ್ಟಿದ್ದು ಮಾರ್ಚ್ ಒಂಬತ್ತು. ಲಗ್ನ ಗೊತ್ತಾಗೇತಿ."

ಪೂಜಿತಾ ಅನುವಾದ ನಿಲ್ಲಿಸಿದಳು.

ಇದನ್ನೆಲ್ಲ ಯಾರು ಬರೆಸಿದರು ಎಂದು ಕೇಳಿದೆ.

"ನಿಮ್ಮ ಅಕ್ಕಾರು ಬರೆಸ್ಯಾರ್ರೀ. ಮೂರು ವರ್ಷಕ್ಕೊಮ್ಮೆ ಹಿರಿಯೂರಿಗೆ ಹೋಗ್ತೀನಿ. ಈ ಸಲ ಸಂಕ್ರಾಂತಿ ಮುಗಿದ ಮ್ಯಾಲೆ ಹೋಗಿದ್ನಿ. ಹುಡುಗನ ಹೆಸರು ನನಗ್ ಗೊತ್ತಿಲ್ಲಪ್ಪ, ಯಾರೂ ಹೇಳಿಲ್ಲ, ಜಾಗ ಬಿಡು ಅಂದ್ರು. ಬಿಟ್ಟೇನ್ರಿ."

ಈ ಸಲ ಸಂಕ್ರಾಂತಿ ಮುಗಿದ ಮೇಲೆ. ನಾನು ಇಲ್ಲಿ ಹಿಲರಿಗೆ ಹೆಸರು ಅಳಿಸುವುದರ ಬಗ್ಗೆ ಭಾಷಣ ಬಿಗಿಯುತ್ತಿದ್ದ ದಿನಗಳಲ್ಲಿ.

೬ ಮಾರ್ಚ್

ಅಕ್ಕನಿಗೆ ಫೋನು ಮಾಡಲಿಲ್ಲ. ಅಲ್ಲಿ ಊಟದ ಹೊತ್ತು.

೭ ಮಾರ್ಚ್

ಮಾಡಲಿಲ್ಲ. ಅಲ್ಲಿ ಕರೆಂಟು ಹೋಗಿರಬಹುದು.

೯ ಮಾರ್ಚ್

ಪೂಜಿತಾಳ ಹುಟ್ಟುಹಬ್ಬ. ಮಾಡಿದೆ.

ಯಾರು ಎಂದು ಅಕ್ಕ ಕೇಳಲಿಲ್ಲ. "ಕಾಲು ಹೆಂಗಿದೆ?" ಎಂದಳು. ಹರಿಶ್ಚಂದ್ರನ ಕೃಪೆಯಿಂದ ನನ್ನ ಮೂಳೆಗಳ ವರದಿ ಹಿರಿಯೂರಿಗೆ ತಲುಪಿದೆ. ಕೂಡಿಕೊಂಡಿದೆ ಎಂದೆ. ಹುಡುಗನ ಹೆಸರು ಡ್ಯಾನಿಯಲ್ ಎಂದೆ. ಎರಡು ಸಲ ಹೇಳಿಸಿ ಬರೆದುಕೊಂಡಳು, ಪೆನ್ನಿನ ಸದ್ದು ಕೇಳಿಸಿತು.

"ಅಕ್ಕ, ಆ ಕಾಗದ..." ಎಂದೆ.

"ಅದನ್ನ ಮರ್ತಿಲ್ಲ ನಾನು. ಇವತ್ತು ಮಗುವಿನ ಹುಟ್ಟುಹಬ್ಬ, ಅವಳಿಗೆ ಫೋನ್ ಕೊಡು."

ಇಬ್ಬರೂ ನಲವತ್ತು ನಿಮಿಷ ಮಾತಾಡಿದರು, ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಇಂಗ್ಲಿಷಿನಲ್ಲಿ. ಅಡ್ಡಿ ಬಂದಂತೆ ಕಾಣಲಿಲ್ಲ. ಮದುವೆಗೆ ಬಾ ಅತ್ತೆ ಎಂದು ಪೂಜಿತಾ ಕರೆದಳು, ಆ ಒಂದು ವಾಕ್ಯ ಮಾತ್ರ ಕನ್ನಡದಲ್ಲಿ. ಬರುತ್ತೇನೆ ಎಂದಳಂತೆ.

೧೩ ಏಪ್ರಿಲ್

ಕೆಲಸ ಶುರುವಾಗಿ ಐದು ವಾರವಾಯಿತು. ಪೇಷಂಟುಗಳು ಈಗ ನನ್ನ ನಡಿಗೆ ನೋಡಿ ನನಗೇ ಉಪದೇಶ ಮಾಡುತ್ತಾರೆ.

ಅಕ್ಕನ ಫೋನು ಬಂತು. ವೀಸಾಕ್ಕೆ ಅರ್ಜಿ ತುಂಬಿಸಲು ಬೆಂಗಳೂರಿನ ಏಜೆಂಟರ ಹತ್ತಿರ ಹೋಗಿದ್ದಳಂತೆ. ಮದುವೆಯಾಗುವವಳ ತಂದೆ ನಿಮಗೆ ತಮ್ಮ ಎನ್ನುವುದಕ್ಕೆ ತಾಲೂಕು ಕಚೇರಿಯ ವಂಶವೃಕ್ಷ ಲಗತ್ತಿಸಿ ಎಂದನಂತೆ ಅವನು.

"ನಿನಗೆ ನಾನು ಅಕ್ಕ ಅನ್ನೋದಕ್ಕೆ ದಾಖಲೆ ಕೇಳ್ತಿದ್ದಾರೆ, ಉಮೇಶ. ನಿನ್ನ ಹತ್ರ ಇದ್ರೆ ಕಳಿಸು," ಎಂದಳು. ವ್ಯಂಗ್ಯ ನನ್ನೊಬ್ಬನ ಆಸ್ತಿ ಎಂದುಕೊಂಡಿದ್ದೆ. ಅದೂ ಪಿತ್ರಾರ್ಜಿತ.

ವಂಶವೃಕ್ಷಕ್ಕೆ ಅಕ್ಕನ ಹೆಸರು ಸೇರಿಸಿಸಬೇಕು ಎಂದು ಹರಿಶ್ಚಂದ್ರನಿಗೆ ಹೇಳಿದೆ. ಅವನು ಗಾಬರಿಯಾದ. ಸುಳ್ಳು ಪ್ರಮಾಣ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ, ಕೇಸಾಗಬಹುದು, ಅವರ ಹೆಸರು ಸೇರಿದರೆ ಜಮೀನಿನಲ್ಲಿ ಅರ್ಧ ಅವರದಾಗುತ್ತದೆ ಎಂದ. ಕಲ್ಲಿರುವ ಅರ್ಧವನ್ನು ನನಗೆ ಬಿಡಲಿ, ಇನ್ನೊಂದರಲ್ಲಿ ಅವಳು ಏನು ಬೇಕಾದರೂ ಬೆಳೆಯಲಿ ಎಂದೆ. ಈಗ ಎಲೆಕ್ಷನ್ನು, ತಹಶೀಲ್ದಾರ್ ಸಾಹೇಬರು ಮೇ ಎಂಟರವರೆಗೆ ಕೈಗೆ ಸಿಗುವುದಿಲ್ಲ, ಖುದ್ದಾಗಿ ಬರಬೇಕು ಎಂದ.

ಪ್ರಾಕ್ಟೀಸ್ ಮ್ಯಾನೇಜರಿಗೆ ಹದಿನಾಲ್ಕು ದಿನದ ರಜ ಕೇಳಿದೆ. ಈಗಷ್ಟೇ ಆರು ವಾರ ಮಲಗಿದ್ದಿರಿ ಎಂದಳು. ರೋಟಾ ತುಂಬಿದೆ ಎಂದಳು. ಆ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೇನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ರಜ ಕೊಟ್ಟಳು.

೨೬ ಮೇ, ಲಫ್‌ಬರೋ

ನಿನ್ನೆ ವಾಪಸು ಬಂದೆ.

ಹದಿನಾಲ್ಕು ದಿನದಲ್ಲಿ ಹನ್ನೊಂದನ್ನು ತಾಲೂಕು ಕಚೇರಿಯ ಬೆಂಚಿನ ಮೇಲೆ ಕಳೆದೆ. ಪಕ್ಕದಲ್ಲಿ ಅಕ್ಕ. ಮಂಡಿ ನೋವು, ಕೂದಲು ಪೂರ್ತಿ ಬೆಳ್ಳಗೆ, ಡಬ್ಬಿಯಲ್ಲಿ ರೊಟ್ಟಿ. ನಾನು ಬ್ರಿಟಿಷ್ ಜಿಪಿಯಾಗಿ ಅವಳ ಮಂಡಿಗೆ ವ್ಯಾಯಾಮ ಹೇಳಿಕೊಟ್ಟೆ, ಅವಳು ಕೇಳಿಸಿಕೊಂಡು ಮಾಡಲಿಲ್ಲ. ಕಾಗದದ ವಿಷಯ ಎರಡನೆಯ ದಿನ ಎತ್ತಿದಳು. ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಂಟು ವರ್ಷದಿಂದ ಇಟ್ಟುಕೊಂಡ ಮಾತುಗಳು, ಎಲ್ಲವೂ ನ್ಯಾಯವಾದವು. ನಾನು ತಪ್ಪಾಯಿತು ಎಂದೆ. ಅವಳು ರೊಟ್ಟಿಯ ಡಬ್ಬಿ ನನ್ನ ಕಡೆ ತಳ್ಳಿದಳು. ಕ್ಷಮಿಸಿದೆ ಎಂದು ಹೇಳಲಿಲ್ಲ.

ತಹಶೀಲ್ದಾರರು ನನ್ನನ್ನು ನಿಲ್ಲಿಸಿಕೊಂಡೇ ಬೈದರು. ನನ್ನ ಮಗನಾಗುವ ವಯಸ್ಸಿನವರು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೀರಿ, ಕೇಸು ಹಾಕಬಹುದು ಎಂದರು. ಹಾಕಿ ಎಂದೆ. ಹಾಕಿದರೋ ಇಲ್ಲವೋ ಇನ್ನು ಮೇಲೆ ತಿಳಿಯಬೇಕು. ಹೊಸ ಅಫಿಡವಿಟ್ಟನ್ನು ಅದೇ ಬೇವಿನ ಮರದ ಕೆಳಗೆ ಬರೆಸಿದೆವು. ಒಂದೊಂದು ಅಕ್ಷರವನ್ನೂ ಹರಿಶ್ಚಂದ್ರ ಈ ಸಲ ಬಹಳ ಜಾಗ್ರತೆಯಿಂದ ನೋಡಿಕೊಂಡ.

ಕೊನೆಯ ದಿನ ಗುಮಾಸ್ತ ಹಳೆಯ ವಂಶವೃಕ್ಷವನ್ನು ಫೈಲಿನಿಂದ ತೆಗೆದು, ಹೊಸದನ್ನು ಪಕ್ಕಕ್ಕಿಟ್ಟು ಎರಡನ್ನೂ ನೋಡಿದ. ಹಳೆಯದರಲ್ಲಿ ಒಬ್ಬರೇ ಇದ್ದಾರೆ, ಈಗ ಇಬ್ಬರಾಗಿದ್ದಾರೆ ಎಂದ. ಕನ್ನಡಕ ಮೇಲೆತ್ತಿ ನನ್ನನ್ನು ಬಿಟ್ಟು ಅಕ್ಕನನ್ನು ಕೇಳಿದ.

"ಇಷ್ಟು ವರ್ಷ ಎಲ್ಲಿದ್ರಮ್ಮ ನೀವು?"

"ಇಲ್ಲೇ ಇದ್ದೆ," ಎಂದಳು ಅಕ್ಕ.

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಬೇವಿನ ಮರದ ಕೆಳಗೆ ಯಾರೋ ನಿಂತುಕೊಂಡೇ ಯಾವುದಕ್ಕೋ ಸಹಿ ಹಾಕುತ್ತಿದ್ದರು.

ಗುಮಾಸ್ತ ರಿಜಿಸ್ಟರು ತೆರೆದು ಪೆನ್ನು ತೆಗೆದುಕೊಂಡ. ಹಿರಿಯರ ಹೆಸರು ಮೊದಲು ಬರಬೇಕು, ಅದು ನಿಯಮ ಎಂದ. ಗುರುಸಿದ್ದಪ್ಪನ ಕೆಳಗೆ, ಒಂದನೆಯ ಸಾಲಿನಲ್ಲಿ, ಸರ್ವಮಂಗಳ ಎಂದು ಬರೆದ. ನನ್ನ ಹೆಸರನ್ನು ಎರಡನೆಯ ಸಾಲಿಗೆ ಹಾಕಿದ.